ಎಡಗಾಲಿನ ವ್ಯವಹಾರ

ನಮ್ಮಲ್ಲಿ ಒಳ್ಳೆಯದಕ್ಕೆಲ್ಲ ಬಲಗಾಲೇ ಮುಂದು. ಹೊಸ ಸೊಸೆ ಸೇರಕ್ಕಿ ಒದ್ದು ಒಳಗೆ ಬರುವುದು ಬಲಗಾಲಲ್ಲಿ. ಗೃಹಪ್ರವೇಶಕ್ಕೆ ಹೊಸಿಲು ದಾಟುವುದು ಬಲಗಾಲಲ್ಲಿ. ಪರೀಕ್ಷೆಗೆ ಹೊರಟ ಮೊಮ್ಮಗನಿಗೆ ಅಜ್ಜಿ ಜಗುಲಿಯ ಮೇಲೆ ನಿಂತು ಜ್ಞಾಪಿಸುವುದೂ ಬಲಗಾಲನ್ನೇ. ಎಡಗಾಲಿಗೆ ಹೇಳಿಕೊಳ್ಳುವಂಥ ಉದ್ಯೋಗ ಅಂತ ಒಂದು ಸಿಕ್ಕಿದ್ದು ಕಾರು ಬಂದ ಮೇಲೆ. ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಪುರೋಹಿತರು "ಹ್ಞೂಂ, ಮುಂದಕ್ಕೆ ಬಿಡಿ" ಎಂದಾಗ ಮೊದಲು ಅಲ್ಲಾಡಬೇಕಾದದ್ದು ಎಡಗಾಲು. ಅದು ಒತ್ತದೆ ಗೇರು ಬೀಳುವುದಿಲ್ಲ; ಅದು ಮೆಲ್ಲಗೆ ಮೇಲೇಳದೆ ನಿಂಬೆಹಣ್ಣು ಒಡೆಯುವುದಿಲ್ಲ. ಬಲಗಾಲಿಗೆ ಎರಡು ಪೆಡಲು ಕೊಟ್ಟಿದ್ದಾರೆ, ನಿಜ. ಆದರೆ ಬ್ರೇಕೂ ಆಕ್ಸಿಲರೇಟರೂ ಸ್ವಭಾವತಃ ಸರಳ ಜೀವಿಗಳು, ಒತ್ತಿದರೆ ಕೆಲಸ, ಬಿಟ್ಟರೆ ಇಲ್ಲ. ಕ್ಲಚ್ಚಿನ ಕಸುಬೆಲ್ಲ ಇರುವುದು ಒತ್ತುವುದರಲ್ಲೂ ಅಲ್ಲ, ಬಿಡುವುದರಲ್ಲೂ ಅಲ್ಲ, ಎಷ್ಟು ಬಿಡಬೇಕು ಎಂಬುದರಲ್ಲಿ. ಡ್ರೈವಿಂಗ್ ಸ್ಕೂಲಿನ ಮೊದಲ ವಾರ ಪೂರ್ತಿ ಬೈಸಿಕೊಳ್ಳುವುದು ಆ ಒಂದು ಕಾಲೇ.

ಎಂಜಿನ್ನಿಗೂ ಚಕ್ರಕ್ಕೂ ಹುಟ್ಟಾ ಸರಿಬರುವುದಿಲ್ಲ. ಎಂಜಿನ್ ತಿರುಗುತ್ತಲೇ ಇರಬೇಕು. ನಿಮಿಷಕ್ಕೆ ಏಳೆಂಟುನೂರು ಸುತ್ತಿಗಿಂತ ಕೆಳಗಿಳಿಸಿದರೆ ಮುನಿಸಿಕೊಂಡು ಆರಿಬಿಡುತ್ತದೆ. ಚಕ್ರಕ್ಕೆ ಸಿಗ್ನಲ್ಲಿನಲ್ಲಿ, ದನ ಅಡ್ಡ ಬಂದಲ್ಲಿ, ಪರಿಚಯದವರು ಕೈ ತೋರಿಸಿದಲ್ಲೆಲ್ಲ ನಿಲ್ಲಬೇಕು. ಈ ಇಬ್ಬರನ್ನು ಬೇಕೆಂದಾಗ ಕೂಡಿಸಿ ಬೇಡವೆಂದಾಗ ಅಗಲಿಸುವುದು ಒಂದು ದುಂಡನೆಯ ತಟ್ಟೆ. ಎಂಜಿನ್ನಿನ ತುದಿಯ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಅದು ಸಿಕ್ಕಿಕೊಂಡಿರುತ್ತದೆ. ಪೆಡಲು ಒತ್ತಿದಾಗ ಕೇಬಲ್ಲು ಒಂದು ತೋಳನ್ನು ಎಳೆಯುತ್ತದೆ, ತೋಳು ಒಳಗಿನ ಫೋರ್ಕನ್ನು ತಿರುಗಿಸುತ್ತದೆ, ಫೋರ್ಕು ರಿಲೀಸ್ ಬೇರಿಂಗನ್ನು ಪ್ರೆಷರ್ ಪ್ಲೇಟಿನ ಸ್ಪ್ರಿಂಗಿಗೆ ಒತ್ತುತ್ತದೆ. ಹಿಡಿತ ಸಡಿಲಾಗಿ ನಡುವಿನ ತಟ್ಟೆ ಬಿಡುಗಡೆಯಾಗುತ್ತದೆ. ಸಡಿಲು ಅಂದರೆ ಅರ್ಧ ಮಿಲಿಮೀಟರು, ಹೆಚ್ಚೆಂದರೆ ಇನ್ನೊಂಚೂರು. ಅಷ್ಟು ಸಣ್ಣ ಸಂದಿಯ ಮೇಲೆ ಇಡೀ ಸವಾರಿ ನಿಂತಿದೆ.

ಮೊದಮೊದಲ ಕಾರುಗಳಲ್ಲಿ ಈ ತಟ್ಟೆಯೂ ಇರಲಿಲ್ಲ. ಲಾಳಿಕೆಯ ಆಕಾರದ ಕೋನ್ ಕ್ಲಚ್ಚು, ಅದರ ಮೈಗೆ ಚರ್ಮದ ಹೊದಿಕೆ. ಚರ್ಮ ಒಣಗಿ ಬಿರುಸಾದರೆ ಗಾಡಿ ಹೊರಡುವಾಗ ಹಾರುತ್ತಿತ್ತು. ಆಗ ಚಾಲಕರು ಅದಕ್ಕೆ ಹರಳೆಣ್ಣೆ ಉಣಿಸುತ್ತಿದ್ದರು. ಎಣ್ಣೆ ಜಾಸ್ತಿಯಾಗಿ ಜಾರತೊಡಗಿದರೆ ಜಿಡ್ಡು ಹೀರಲಿ ಎಂದು ಮುಲ್ತಾನಿ ಮಿಟ್ಟಿಯ ಜಾತಿಯದೇ ಒಂದು ಮಣ್ಣಿನ ಪುಡಿ ಉದುರಿಸುತ್ತಿದ್ದರು. ತಲೆಗೆ ಹರಳೆಣ್ಣೆ, ಮುಖಕ್ಕೆ ಮುಲ್ತಾನಿ ಮಿಟ್ಟಿ. ನಮ್ಮ ಮನೆಯ ಹೆಣ್ಣುಮಕ್ಕಳ ಭಾನುವಾರದ ಉಪಚಾರವೂ ಇದೇ. ಕ್ಲಚ್ಚಿಗೆ ಇಂಥ ಆರೈಕೆ ಇದ್ದ ಕಾಲದಲ್ಲಿ ಗೇರಿಗೆ ಯಾವ ದಯೆಯೂ ಇರಲಿಲ್ಲ. ಹಲ್ಲಿಗೆ ಹಲ್ಲು ಸಮವೇಗಕ್ಕೆ ಬರುವ ಮುಂಚೆ ತಳ್ಳಿದರೆ ಕರ್ರೋ ಎಂದು ಊರೆಲ್ಲ ಕೇಳುತ್ತಿತ್ತು. ಹಲ್ಲುಗಳ ವೇಗವನ್ನು ತಾನೇ ಹೊಂದಿಸಿಕೊಡುವ ಸಿಂಕ್ರೊಮೆಶ್ ಕ್ಯಾಡಿಲಾಕ್ ಕಾರುಗಳಲ್ಲಿ ಬಂದದ್ದು 1928ರಲ್ಲಿ. ನಮ್ಮ ಬಸ್ಸು ಲಾರಿಗಳಿಗೆ ಆ ನಾಜೂಕು ತಲುಪಲು ಬಹಳ ಕಾಲ ಹಿಡಿಯಿತು. ನಾನು ಹುಡುಗನಾಗಿದ್ದಾಗ ಡ್ರೈವರ್ ಸೀಟಿನ ಪಕ್ಕದ ಬಿಸಿ ಬಾನೆಟ್ಟಿನ ಮೇಲೆ ಕೂತು ನೋಡುತ್ತಿದ್ದೆ: ಏರು ಬಂತೆಂದರೆ ಡ್ರೈವರು ಒಮ್ಮೆ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತಂದು, ಬಿಟ್ಟು, ಆಕ್ಸಿಲರೇಟರಿಗೆ ಒಂದು ಏಟು ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರು ಇಳಿಸುತ್ತಿದ್ದ. ಡಬಲ್ ಕ್ಲಚ್. ಬಾಯಲ್ಲಿ ಎಲೆಯಡಿಕೆ ಇರುವಾಗಲೂ ತಾಳ ತಪ್ಪುತ್ತಿರಲಿಲ್ಲ. ಆ ಎಡಗಾಲಿನ ಮೇಲಿನ ನನ್ನ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ನನ್ನದು ನಾಲ್ಕು ಗೇರಿನ ಹಳೇ ಮಾರುತಿ 800. 1983ರ ಡಿಸೆಂಬರಿನಲ್ಲಿ ಗುರುಗಾಂವಿನಲ್ಲಿ ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಕೀಲಿಕೈ ಪಡೆದು ಹೊರಬಂದ ವಂಶದ್ದು. ಮೂರು ಸಿಲಿಂಡರು, 796 ಸಿಸಿ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ದಾಟಿ ಘಟ್ಟದ ಕೆಳಗೆ ಹೆಂಡತಿಯ ತವರಿಗೆ ಹೋಗಿಬರುವುದು ಅದರ ಮುಖ್ಯ ಕರ್ತವ್ಯ. ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಇಳಿಯುವಾಗ ಬ್ರೇಕಿಗಿಂತ ಗೇರಿನ ಮೇಲೆ ಭಾರ ಹಾಕಬೇಕು ಎಂಬುದು ಘಟ್ಟದವರಿಗೆಲ್ಲ ಗೊತ್ತು. ಒಂದು ಮಳೆಗಾಲ ಇಳಿಯುತ್ತಿರುವಾಗ ಎರಡನೇ ಗೇರು ತಾನಾಗಿ ಕಳಚಿ ನ್ಯೂಟ್ರಲ್ಲಿಗೆ ಬಂದು ಕೂತಿತು. ಎಂಜಿನ್ನಿನ ತಡೆ ತಪ್ಪಿದ ಕಾರು ಮುಂದಕ್ಕೆ ಹಗುರಾಗಿ ಹೊರಟಾಗ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಅಲ್ಲಿಂದ ಕೆಳಗಿನವರೆಗೂ ಎಡಗೈಯಲ್ಲಿ ಗೇರ್ ರಾಡನ್ನು ಹಿಡಿದುಕೊಂಡೇ ಇಳಿದೆವು. ಹಿಡಿದುಕೊಂಡದ್ದು ಪಕ್ಕದಲ್ಲಿದ್ದ ನನ್ನ ಹೆಂಡತಿ, ಬಲಗೈಯಲ್ಲಿ ಅಂತ ತಿದ್ದಿದರೆ ಇನ್ನೂ ಸರಿ.

ಗೇರ್‌ಬಾಕ್ಸು ಬಿಚ್ಚಿ ರಿಪೇರಿ ಮಾಡಿಸುವುದಕ್ಕಿಂತ ಒಳ್ಳೆಯ ಸೆಕೆಂಡ್ಸ್ ಒಂದನ್ನು ತಂದು ಕೂರಿಸುವುದು ವಾಸಿ ಎಂದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿ ತೀರ್ಮಾನ ಕೊಟ್ಟ. ಕಳಚಿದ ಕಾರುಗಳ ಗುಜರಿ ನೋಡಿದವರಿಗೆ ಗೊತ್ತು, ಬೆಂಗಳೂರಿನ ಶಿವಾಜಿನಗರದಲ್ಲಾಗಲಿ ನಮ್ಮೂರಲ್ಲಾಗಲಿ, ಅಲ್ಲಿ ಕೊಳ್ಳುವುದೇ ಒಂದು ವಿದ್ಯೆ. ಮೇಸ್ತ್ರಿ ರಾಶಿಯೊಳಗಿಂದ ಒಂದು ಡಬ್ಬವನ್ನು ಎಳೆದು, ಮುಂದೆ ಚಾಚಿದ ಶಾಫ್ಟನ್ನು ಎರಡು ಬೆರಳಲ್ಲಿ ತಿರುಗಿಸಿ, ಕಣ್ಣು ಮುಚ್ಚಿಕೊಂಡ. ನಾಡಿ ನೋಡುವ ಗಾಂಭೀರ್ಯ. ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿದ. ಅದರ ಉದ್ದದ ಗೆರೆಗಳ ಮೇಲೆ ಉಗುರು ಎಳೆದು ಸವೆದ ಮೆಟ್ಟಿಲು ಇದೆಯೇ ಎಂದು ನೋಡಿದ. ಡ್ರೈನ್ ಬೋಲ್ಟು ಬಿಚ್ಚಿ, ಇಳಿದ ಕರಿ ಎಣ್ಣೆಯನ್ನು ಅಂಗೈಯಲ್ಲಿ ಹರಡಿ ಬಿಸಿಲಿಗೆ ಹಿಡಿದ. ಲೋಹದ ಮಿಣುಕು ಕಂಡರೆ ಒಳಗೆ ಹಲ್ಲು ಉದುರುತ್ತಿದೆ ಎಂದರ್ಥ. ಈ ಡಬ್ಬ ಪಾಸಾಯಿತು. ಅದರ ಹಿಂದಿನ ಕಾರು ಯಾವುದು, ಯಾರದು, ಯಾವ ಮೋರಿಗೆ ಗುದ್ದಿ ಇಲ್ಲಿಗೆ ಬಂತು ಎಂದು ನಾನು ಕೇಳಲಿಲ್ಲ. ಗುಜರಿಯಲ್ಲಿ ಕುಲಗೋತ್ರ ಕೇಳುವ ಪದ್ಧತಿಯಿಲ್ಲ.

ಡಬ್ಬ ಇಳಿಸಿದ ಮೇಲೆ ಕ್ಲಚ್ಚು ಎದುರಿಗೇ ಕಾಣುತ್ತದೆ. "ಹೆಂಗೂ ಇಳಿಸಿದ್ದಾಯ್ತಲ್ಲ ಸಾರ್, ಸೆಟ್ಟೇ ಹಾಕಿಬಿಡಿ" ಎನ್ನುವುದು ಎಲ್ಲ ಗ್ಯಾರೇಜುಗಳ ಮಂತ್ರ. ಸೆಟ್ಟು ಅಂದರೆ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು. ಮಾತು ಸರಿಯಾದದ್ದೇ, ಇಳಿಸಿ ಹತ್ತಿಸುವ ಕೂಲಿಯೇ ದೊಡ್ಡದು. ಹಾಕಿಸಿದೆ. ಹೀಗಾಗಿ ಸಂಜೆ ಕಾರು ಕೆಳಗಿಳಿದಾಗ ಅದರಲ್ಲಿ ಹೊಸ ಕ್ಲಚ್ಚು, ಹೊಸದಾಗಿ ಬಂದ ಹಳೆ ಗೇರ್‌ಬಾಕ್ಸು, ಹೊಸ ಎಣ್ಣೆ. ಮೇಸ್ತ್ರಿ ಕೂತು ಸ್ಟಾರ್ಟ್ ಮಾಡಿ, ಶೆಡ್ಡಿನಿಂದ ಹಿಂದಕ್ಕೆ ತೆಗೆಯಲು ರಿವರ್ಸಿಗೆ ಎಳೆದ. ಕರ್ರ್ ಎಂದಿತು.

ಗೇರು ಕೂಗುವುದನ್ನು ಸುಮ್ಮನೆ ಕೇಳಬಾರದು, ಅದು ಏನು ಹೇಳುತ್ತಿದೆ ಎಂದು ಕೇಳಬೇಕು. ಮಾರುತಿಯಂಥ ಕಾರುಗಳಲ್ಲಿ ಮುಂದಿನ ಗೇರುಗಳಿಗೆಲ್ಲ ಸಿಂಕ್ರೊಮೆಶ್ ಇರುತ್ತದೆ, ರಿವರ್ಸಿಗೆ ಇಲ್ಲ. ಹಾಗಾಗಿ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ ಎಂಬ ಚಾಡಿಯನ್ನು ಮೊದಲು ಹೇಳುವುದು ರಿವರ್ಸೇ. ಪೆಡಲು ತಳಮುಟ್ಟ ಒತ್ತಿ, ಮೂರು ನಾಲ್ಕು ಎಣಿಸುವಷ್ಟು ಕಾಲ ತಡೆದು, ಆಮೇಲೆ ಹಾಕಿದರೂ ಕೂಗಿದರೆ ಒಳಗಿನ ಶಾಫ್ಟು ಇನ್ನೂ ತಿರುಗುತ್ತಿದೆ ಎಂದೇ ಅರ್ಥ. ಎಂಜಿನ್ ಆರಿಸಿ ನೋಡಿದರೆ ಅದೇ ಗೇರುಗಳು ಬೆಣ್ಣೆಯಷ್ಟು ಮೆತ್ತಗೆ ಬೀಳುತ್ತವೆ. ಆಗ ದೋಷ ಗೇರ್‌ಬಾಕ್ಸಿನದಲ್ಲ, ಕ್ಲಚ್ಚಿನದು. ಇದಕ್ಕೆ ತಿರುಗುಮುರುಗಾದದ್ದು ಸ್ಲಿಪ್ಪು: ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಏರು ಹತ್ತುವುದಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿ, ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಆರೋಗ್ಯವಂತ ಗಾಡಿ ತಕ್ಷಣ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಇನ್ನು ಸದ್ದು: ಪೆಡಲು ಒತ್ತಿದಾಗ ಮಾತ್ರ ಸಿಳ್ಳೆ ಬಂದರೆ ರಿಲೀಸ್ ಬೇರಿಂಗು, ನ್ಯೂಟ್ರಲ್ಲಿನಲ್ಲಿ ಪೆಡಲು ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನೊಳಗಿನ ಬೇರಿಂಗು. ಇಷ್ಟು ತಿಳಿದವರಿಗೆ ಗ್ಯಾರೇಜಿನಲ್ಲಿ ಕುರ್ಚಿ ಕೊಡುತ್ತಾರೆ. ಚಹಾ ತರಿಸುತ್ತಾರೆ. ಬಿಲ್ಲು ಮಾತ್ರ ಕಮ್ಮಿ ಮಾಡುವುದಿಲ್ಲ.

ಶೆಡ್ಡಿನ ಮುಂದೆ ಕಾರು ಕೂಗಿತೆಂದರೆ ಎಲ್ಲಿಂದಲೋ ನಾಲ್ಕು ಜನ ಹುಟ್ಟಿಕೊಳ್ಳುತ್ತಾರೆ. ಪಕ್ಕದ ಟಿಂಕರಿಂಗಿನವನು ಒಂದು, ಎದುರಿನ ಟೈರಿನ ಅಂಗಡಿಯವನು ಒಂದು, ತನ್ನ ಗಾಡಿಯ ಸರದಿಗೆ ಕಾದು ಬೇಸತ್ತ ಗಿರಾಕಿಯೊಬ್ಬ ಒಂದು, ಹೀಗೆ ಒಬ್ಬೊಬ್ಬರದು ಒಂದೊಂದು ರೋಗನಿರ್ಣಯ. "ಪ್ಲೇಟು ಉಲ್ಟಾ ಹಾಕಿದ್ದಾನೆ" ಎಂದ ಒಬ್ಬ. ಅದು ನಡೆಯುವಂಥದ್ದೇ: ನಡುವಿನ ಸ್ಪ್ರಿಂಗುಗಳ ಉಬ್ಬು ಪ್ರೆಷರ್ ಪ್ಲೇಟಿನ ಕಡೆ ಇರಬೇಕು, ತಿರುಗಿಸಿ ಇಟ್ಟರೆ ಆ ಉಬ್ಬು ಫ್ಲೈವೀಲಿನ ಬೋಲ್ಟುಗಳಿಗೆ ತಾಗಿ ಕ್ಲಚ್ಚು ಬಿಡುವುದೇ ಇಲ್ಲ. ಇನ್ನೊಬ್ಬ, ಹತ್ತಿಸುವಾಗ ಡಬ್ಬದ ಭಾರ ಪ್ಲೇಟಿನ ಮೇಲೆ ನೇತುಬಿದ್ದು ಅದು ಬಗ್ಗಿರಬೇಕು ಎಂದ. ಅದೂ ನಿಜವಾಗಬಹುದಾದ ಮಾತು. ಜಾಕಿ ಸರಿಯಿಲ್ಲದ ಶೆಡ್ಡುಗಳಲ್ಲಿ ಹೊಟ್ಟೆಯ ಮೇಲೆ ಡಬ್ಬ ಹೊತ್ತು ಮಲಗಿದ ಹುಡುಗ ಕೈ ಸೋತು ಒಂದು ಕ್ಷಣ ಬಿಟ್ಟರೆ ಸಾಕು. ಮೂರನೆಯವನು ಶಾಫ್ಟಿಗೆ ಗ್ರೀಸು ಹಚ್ಚಿಲ್ಲ ಎಂದ. ನಾಲ್ಕನೆಯವನು ಜಾಸ್ತಿ ಹಚ್ಚಿದ್ದಾರೆ ಎಂದ. ಎಲ್ಲರ ಪರಿಹಾರ ಮಾತ್ರ ಒಂದೇ: ಮತ್ತೆ ಇಳಿಸಿ.

ಇದು ನನಗೆ ಯಾವತ್ತೂ ವಿಚಿತ್ರವೆನಿಸುವ ಸಂಗತಿ. ದೊಡ್ಡ ಕೆಲಸ ಮಾಡಿದ ಮೇಲೆ ಹುಟ್ಟಿದ ತೊಂದರೆಗೆ ಕಾರಣವೂ ದೊಡ್ಡದೇ ಇರಬೇಕು ಎಂದು ಎಲ್ಲರೂ ನಂಬುತ್ತಾರೆ. ಹೊಸದಾಗಿ ಹಾಕಿದ್ದರ ಮೇಲೆಯೇ ಎಲ್ಲರ ಕಣ್ಣು. ಬಿಲ್ಲಿನಲ್ಲಿ ಹೆಸರಿರುವುದು ಅವಕ್ಕೇ ಅಲ್ಲವೆ? ಆದರೆ ಒಂದು ಗೇರ್‌ಬಾಕ್ಸು ಇಳಿಸಬೇಕಾದರೆ ಏನೇನು ಬಿಚ್ಚಬೇಕು ಎಂದು ಹುಡುಗರ ಪಕ್ಕ ನಿಂತು ನೋಡಬೇಕು. ಬ್ಯಾಟರಿಯ ತಂತಿ, ಸ್ಟಾರ್ಟರ್ ಮೋಟಾರು, ಸ್ಪೀಡೋಮೀಟರಿನ ಕೇಬಲ್ಲು, ರಿವರ್ಸ್ ಲೈಟಿನ ಸ್ವಿಚ್ಚು, ಗೇರಿನ ರಾಡು, ಕ್ಲಚ್ಚಿನ ಕೇಬಲ್ಲು, ಎಡಬಲದ ಆಕ್ಸಲ್ಲು, ರಬ್ಬರಿನ ಮೌಂಟಿಂಗು. ಇವುಗಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ದಾರಿಗೆ ಅಡ್ಡ ಇದ್ದವು ಎಂಬ ಒಂದೇ ತಪ್ಪಿಗೆ ಬಿಚ್ಚಿಸಿಕೊಂಡವು, ಕತ್ತಲಾಗುವ ಹೊತ್ತಿಗೆ ಅವಸರದಲ್ಲಿ ಕಟ್ಟಿಸಿಕೊಂಡವು. ಹತ್ತಿಸಿದ ಮೇಲೆ ಬರುವ ಕಾಯಿಲೆಗೆ ನಾನಾದರೆ ಮೊದಲು ಇವನ್ನು ವಿಚಾರಿಸುತ್ತೇನೆ.

ಮೇಸ್ತ್ರಿ ಸದ್ದಿಲ್ಲದೆ ಮಾಡಿದ ಮೊದಲ ಕೆಲಸ ಕೇಬಲ್ಲಿನ ತುದಿಯ ನಟ್ಟನ್ನು ಬಿಗಿಸಿದ್ದು. ಬಿಗಿಸುತ್ತ ಹೋದಂತೆ ಪೆಡಲಿನ ಸಡಿಲು ಕಡಿಮೆಯಾಗಿ ಕ್ಲಚ್ಚು ಹೆಚ್ಚು ಎಳೆಯುತ್ತದೆ. ಸ್ವಲ್ಪ ಸಡಿಲು ಉಳಿಯಲೇಬೇಕು, ಇಲ್ಲದಿದ್ದರೆ ಬೇರಿಂಗು ದಿನವಿಡೀ ಸ್ಪ್ರಿಂಗಿಗೆ ಒರಗಿಕೊಂಡು ತಿರುಗಿ ಸವೆಯುತ್ತದೆ, ಪ್ಲೇಟೂ ಜಾರತೊಡಗುತ್ತದೆ. ನಟ್ಟು ಮರೆಯ, ಅಂದರೆ ಥ್ರೆಡ್ಡಿನ, ಕೊನೆ ಮುಟ್ಟಿತು. ರಿವರ್ಸು ಇನ್ನೂ ಕೂಗುತ್ತಿತ್ತು. ಅವನು ಅಲ್ಲಿಗೆ ನಿಲ್ಲಿಸಿ, ಕುಕ್ಕುರುಗಾಲಲ್ಲಿ ಕೂತು, ಬೀಡಿ ಹಚ್ಚಿದ. "ಪ್ಲೇಟು ಹೊಸದು. ಹೊಸ ಪ್ಲೇಟಿಗೆ ಮರೆ ಇಷ್ಟು ಮುಗೀಬಾರದು" ಎಂದ, ನನಗಲ್ಲ, ಬೀಡಿಗೆ. ಒಳ್ಳೆಯ ಮೆಕ್ಯಾನಿಕ್ಕಿಗೂ ಕೆಟ್ಟ ಮೆಕ್ಯಾನಿಕ್ಕಿಗೂ ಇರುವ ಫರಕು ಇದೇ ಎಂದು ನಾನು ತಿಳಿದಿದ್ದೇನೆ. ಕೆಟ್ಟವನಾಗಿದ್ದರೆ ಆ ಹೊತ್ತಿಗೆ ಡಬ್ಬ ಅರ್ಧ ಇಳಿದಿರುತ್ತಿತ್ತು.

ಬೀಡಿ ಮುಗಿದ ಮೇಲೆ ಅವನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತರಿಸಿ ಗೇರ್‌ಬಾಕ್ಸಿನ ಹೊರಗಿರುವ ಕ್ಲಚ್ಚಿನ ತೋಳನ್ನು ಒರೆಸಿದ. ಈ ತೋಳು ಒಳಗಿನಿಂದ ಬಂದ ಶಾಫ್ಟಿನ ಸಣ್ಣ ಹಲ್ಲುಗಳ ಮೇಲೆ ಕೂತು ಒಂದು ಬೋಲ್ಟಿನಿಂದ ಬಿಗಿದಿರುತ್ತದೆ. ಕೂರಿಸುವಾಗ ತಪ್ಪಬಾರದೆಂದು ತೋಳಿನ ಮೇಲೊಂದು, ಶಾಫ್ಟಿನ ತುದಿಯಲ್ಲೊಂದು ಚುಕ್ಕೆ ಹೊಡೆದಿರುತ್ತಾರೆ, ಎರಡೂ ಎದುರುಬದುರಾಗಬೇಕು. ವರ್ಷಗಳ ಗ್ರೀಸು, ಕೆಮ್ಮಣ್ಣು ಎಲ್ಲ ಹೋದ ಮೇಲೆ ಚುಕ್ಕೆಗಳು ಕಂಡವು. ಒಂದು ಇಲ್ಲಿ, ಒಂದು ಅಲ್ಲಿ. ಗುಜರಿಯಲ್ಲಿ ಡಬ್ಬ ಕಳಚಿದವರು ಯಾವತ್ತೋ ತೋಳನ್ನು ತೆಗೆದು, ಮಾರುವಾಗ ತೋಚಿದ ಹಾಗೆ ಸಿಕ್ಕಿಸಿದ್ದರು. ಪೆಡಲು ತಳ ಮುಟ್ಟಿದರೂ ತೋಳು ತನ್ನ ಯಾತ್ರೆಯನ್ನು ಅರ್ಧದಲ್ಲೇ ಮುಗಿಸುತ್ತಿತ್ತು. ಬೋಲ್ಟು ಸಡಿಲಿಸಿ, ಎಳೆದು, ಚುಕ್ಕೆಗೆ ಚುಕ್ಕೆ ಕೂಡಿಸಿ ತಟ್ಟಿದ. ನಟ್ಟನ್ನು ಹಿಂದಕ್ಕೆ ತಂದು ಪೆಡಲಿಗೆ ಎರಡು ಬೆರಳಿನಗಲ ಸಡಿಲು ಕೊಟ್ಟ. ರಿವರ್ಸು ಮಾತಾಡದೆ ಬಿತ್ತು. ಸಲಹೆ ಕೊಟ್ಟವರೆಲ್ಲ "ನಾನು ಹೇಳಲಿಲ್ವಾ" ಎಂದು ಚದುರಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾಗುವ ಹೊತ್ತಿಗೆ ಪೆಡಲು ಗಟ್ಟಿಯಾಗತೊಡಗಿತು. ಒಂದೇ ಸಲಕ್ಕಲ್ಲ. ಇವತ್ತು ನಿನ್ನೆಗಿಂತ ಕೂದಲೆಳೆಯಷ್ಟು ಹೆಚ್ಚು. ನಾನು ಕಾರು ಬಿಡುವುದು ಅಪರೂಪ, ನನ್ನ ಹೆಂಡತಿ ದಿನಾ ಬಿಡುತ್ತಾಳೆ; ಅವಳ ಎಡಮೊಣಕಾಲಿಗೆ ತಿಳಿದದ್ದು ನನಗೆ ತಿಳಿಯಲು ತಿಂಗಳು ಹಿಡಿಯಿತು. ಮೇಸ್ತ್ರಿ ಕೇಬಲ್ಲು ಹೋಗಿದೆ ಎಂದು ಹೊಸದು ಹಾಕಿದ. ಹೂವಿನಂತೆ ಹಗುರಾಯಿತು. ಕೆಲವು ವಾರ ಕಳೆದು ಮತ್ತೆ ಅದೇ ರಾಗ. ಈ ಸಲ ಕೇಬಲ್ಲು ಡೂಪ್ಲಿಕೇಟು ಎಂದು ಅಂಗಡಿಯವನ ಮೇಲೆ ಹೊರಿಸಿ ಇನ್ನೊಂದು ಹಾಕಿದ್ದಾಯಿತು. ಅದೂ ಬಿಗಿಯಿತು. ಅಷ್ಟರಲ್ಲಿ ಸೆಲ್ಫ್ ಕೂಡ ಬೆಳಗಿನ ಹೊತ್ತು ಎಳೆಯತೊಡಗಿತ್ತು, ಊಂ... ಊಂ... ಎಂದು ನಿದ್ದೆಗಣ್ಣಲ್ಲಿ ಎದ್ದವರ ಹಾಗೆ. ಅದಕ್ಕೆ ಬೇರೆ ಅಂಗಡಿ. ಬ್ಯಾಟರಿಯವನು ನೋಡಿ, ಚಾರ್ಜು ಕಮ್ಮಿ ಎಂದು ಒಂದು ರಾತ್ರಿ ಇಟ್ಟುಕೊಂಡು ಕಳಿಸಿದ. ಹೆಡ್‌ಲೈಟು ಝಗ್ಗೆನ್ನುತ್ತಿದೆ, ಹಾರನ್ನು ಗಟ್ಟಿಯಾಗಿದೆ, ಆದ್ದರಿಂದ ವೈರಿಂಗು ಸರಿಯಿದೆ ಎಂದು ಸರ್ಟಿಫಿಕೇಟೂ ಕೊಟ್ಟ.

"ಅಲ್ರೀ, ಸೆಲ್ಫ್ ಜಾಸ್ತಿ ಎಳೆದ ದಿನ ಕ್ಲಚ್ಚೂ ಜಾಸ್ತಿ ಗಟ್ಟಿ ಇರುತ್ತೆ. ನೀವು ಗಮನಿಸಿದ್ರಾ?" ಎಂದಳು ನನ್ನ ಹೆಂಡತಿ.

ಮೇಸ್ತ್ರಿ ನಕ್ಕ. ಕ್ಲಚ್ಚು ಕಬ್ಬಿಣದ ವ್ಯವಹಾರ, ಸೆಲ್ಫು ಕರೆಂಟಿನ ವ್ಯವಹಾರ, ಎರಡಕ್ಕೂ ಏನು ಸಂಬಂಧ ಮೇಡಂ? ಬ್ಯಾಟರಿಯವನೂ ನಕ್ಕ, ಅದೇ ಮಾತನ್ನು ತಿರುಗಿಸಿ ಹೇಳಿ. ಆಟೋ ಕಾಂಪ್ಲೆಕ್ಸಿನಲ್ಲಿ ಜಾತಿಗಳು ಬಹಳ ಕಟ್ಟುನಿಟ್ಟು. ಮೆಕ್ಯಾನಿಕ್ಕು ವೈರು ಮುಟ್ಟುವುದಿಲ್ಲ, ಎಲೆಕ್ಟ್ರಿಷಿಯನ್ನು ಗ್ರೀಸು ಮುಟ್ಟುವುದಿಲ್ಲ, ಪೇಂಟಿನವನು ಇಬ್ಬರನ್ನೂ ಹತ್ತಿರ ಸೇರಿಸುವುದಿಲ್ಲ. ಎರಡು ಕಸುಬಿನ ಗಡಿಯ ಮೇಲೆ ಬಿದ್ದ ಕಾಯಿಲೆಗೆ ಅಲ್ಲಿ ದಿಕ್ಕಿಲ್ಲ. ನಗದೆ ಕೇಳಿದವರು ಒಬ್ಬರೇ, ಡೈನಮೋ ಕಟ್ಟಿಕೊಂಡು ಮೂಲೆಯ ಅಂಗಡಿಯಲ್ಲಿ ಕೂರುವ ವಯಸ್ಸಾದ ಎಲೆಕ್ಟ್ರಿಷಿಯನ್ ಸಾಬ್ರು. ಕನ್ನಡಕವನ್ನು ಹಣೆಗೇರಿಸಿ, "ಮೇಡಂ, ಗೇರ್‌ಬಾಕ್ಸ್ ಗೀರ್‌ಬಾಕ್ಸ್ ಇಳಿಸಿದ್ರಾ?" ಎಂದರು. ಇವಳು ಹೌದೆಂದಳು. "ಕೂತ್ಕಳಿ, ನಾನು ಹೇಳ್ದಾಗ ಸೆಲ್ಫ್ ಹೊಡೀರಿ."

ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದನ್ನು ಗೇರ್‌ಬಾಕ್ಸಿನ ಮೈ ಮೇಲೆ ಇಟ್ಟರು. ಎರಡೂ ಅರ್ತ್ ಅಂದ ಮೇಲೆ ನಡುವೆ ಏನೂ ತೋರಿಸಬಾರದು. ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿನೊಳಗೆ ಇದ್ದರೆ ಕ್ಷಮೆ ಉಂಟು. ಸೆಲ್ಫ್ ಊಂ ಎಂದಾಗ ಮೀಟರು ಎರಡು ವೋಲ್ಟು ದಾಟಿತು. ಸಾಬ್ರು ಅದನ್ನು ನೋಡಲೂ ಇಲ್ಲ, ಕೈ ಚಾಚಿ ಕ್ಲಚ್ಚಿನ ಕೇಬಲ್ಲನ್ನು ಹಿಡಿದು, "ಬನ್ನಿ ಸಾರ್, ಮುಟ್ಟಿ" ಎಂದರು. ಮುಟ್ಟಿದೆ. ಆಗತಾನೇ ಒಲೆಯಿಂದ ಇಳಿಸಿದ ಪಾತ್ರೆಯ ಹಿಡಿಯಷ್ಟು ಬಿಸಿ.

ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರಿನ ಮೌಂಟಿಂಗುಗಳ ಮೇಲೆ ಕೂತಿರುತ್ತವೆ. ಕಾರಿನ ಮೈಗೂ ಅವಕ್ಕೂ ಲೋಹದ ಸಂಬಂಧವಿಲ್ಲ. ನನ್ನ ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ಬಾಡಿಗೆ, ಬಾಡಿಯಿಂದ ಗೇರ್‌ಬಾಕ್ಸಿಗೆ ತಾಮ್ರದ ಎಳೆ ಹೆಣೆದ ಒಂದು ಪಟ್ಟಿ. ಸೆಲ್ಫ್ ತಿರುಗಿಸಲು ಬೇಕಾಗುವ ಕರೆಂಟು ಸಣ್ಣದಲ್ಲ, ನೂರು ಆಂಪಿಯರಿನ ಆಸುಪಾಸು. ಮನೆಯಲ್ಲಿ ಉರಿಯುವ ಅರವತ್ತು ವ್ಯಾಟಿನ ಬಲ್ಬು ಎಳೆಯುವುದು ಕಾಲು ಆಂಪಿಯರು. ಅಷ್ಟೂ ಕರೆಂಟು ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ಹೋಗಿ, ಈ ಪಟ್ಟಿಯಲ್ಲಿ ವಾಪಸಾಗಬೇಕು. ಆ ಪಟ್ಟಿ ಡಬ್ಬದ ಒಂದು ಬೋಲ್ಟಿನಡಿ ಸಿಕ್ಕಿಸಿದ್ದರಿಂದ ಇಳಿಸುವಾಗ ಬಿಚ್ಚಬೇಕಾಗಿತ್ತು. ಬಿಚ್ಚಿದ್ದರು. ಹಸಿರು ಕಿಲುಬು ಹಿಡಿದ ಅದರ ತುದಿ ಈಗ ಬ್ಯಾಟರಿಯ ಕೆಳಗಿನ ಕತ್ತಲಲ್ಲಿ ಯಾರಿಗೂ ಬೇಡವಾಗಿ ಜೋಲುತ್ತಿತ್ತು. ದೀಪಕ್ಕೂ ಹಾರನ್ನಿಗೂ ಬಾಡಿಯ ಅರ್ತೇ ಸಾಕು, ಹಾಗಾಗಿ ಅವು ಝಗ್ಗೆಂದವು. ಸೆಲ್ಫಿಗೆ ಮಾತ್ರ ದಾರಿಯಿಲ್ಲ.

"ನೀವು ಮೇನ್ ರೋಡ್ ಮುಚ್ಚಿದ್ರೆ ಅದು ಯಾವ್ದಾದ್ರೂ ಗಲ್ಲಿ ಹುಡುಕ್ಕೊಂಡು ಹೋಗುತ್ತೆ ಸಾರ್" ಎಂದರು ಸಾಬ್ರು. ಗಲ್ಲಿ ಅಂದರೆ ಕ್ಲಚ್ಚಿನ ಕೇಬಲ್ಲು. ಒಂದು ತುದಿ ಗೇರ್‌ಬಾಕ್ಸಿನಲ್ಲಿ, ಒಂದು ತುದಿ ಬಾಡಿಯಲ್ಲಿ, ನಡುವೆ ಉಕ್ಕಿನ ತಂತಿ. ಪ್ರತಿ ಸಲ ಕಾರು ಸ್ಟಾರ್ಟ್ ಮಾಡಿದಾಗಲೂ ಆ ಬಡಪಾಯಿ ತಂತಿ ನೂರು ಆಂಪಿಯರಿನ ಬಹುಪಾಲನ್ನು ಹೊತ್ತು ಕಾಯುತ್ತಿತ್ತು. ಸಾಬ್ರು, ಮೇಸ್ತ್ರಿ ಹಿಂದೆ ತೆಗೆದಿಟ್ಟಿದ್ದ ಹಳೇ ಕೇಬಲ್ಲನ್ನು ತರಿಸಿ, ಹ್ಯಾಕ್ಸಾದಿಂದ ಹೊರಕವಚ ಕೊಯ್ದು, ಉದ್ದಕ್ಕೆ ಬಿಡಿಸಿ ತೋರಿಸಿದರು. ತಂತಿ ಸಲೀಸಾಗಿ ಜಾರಲೆಂದು ಒಳಗೆ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆ ಇರುತ್ತದೆ. ಅದು ಕರಗಿ, ಕೆಲವೆಡೆ ಗಂಟುಗಂಟಾಗಿ, ತಂತಿಗೆ ಅಂಟಿಕೊಂಡಿತ್ತು. ಉಕ್ಕಿನ ಎಳೆಗಳು ನೀಲಿಗಟ್ಟಿದ್ದವು. ಚಳಿ ಹೆಚ್ಚಿದ ಬೆಳಗ್ಗೆ ಎಂಜಿನ್ ಆಯಿಲ್ ಮಂದವಾಗಿ ಸೆಲ್ಫಿಗೆ ಇನ್ನೂ ಹೆಚ್ಚು ಕರೆಂಟು ಬೇಕು, ಕೇಬಲ್ಲು ಇನ್ನೂ ಹೆಚ್ಚು ಬೇಯುತ್ತದೆ, ಪೆಡಲು ಇನ್ನೂ ಹೆಚ್ಚು ಬಿಗಿಯುತ್ತದೆ. ಆಲ್ಟರ್ನೇಟರಿನ ಕರೆಂಟೂ ಇದೇ ಗಲ್ಲಿಯಲ್ಲಿ ನುಸುಳಬೇಕಾದ್ದರಿಂದ ಬ್ಯಾಟರಿಗೆ ಹೊಟ್ಟೆ ತುಂಬುತ್ತಿರಲಿಲ್ಲ. ನನ್ನ ಹೆಂಡತಿ ಹೇಳಿದ್ದು ಅಕ್ಷರಶಃ ಸರಿ. ಅವಳು ಮನೆಗೆ ಬರುವವರೆಗೂ ಒಂದು ಮಾತಾಡಲಿಲ್ಲ. ಮಾತಾಡಿದ್ದರೆ ನನಗೆ ಸುಲಭವಿತ್ತು.

ಸಾಬ್ರು ಪಟ್ಟಿಯ ತುದಿಯನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಡಬ್ಬದ ಮೈಯನ್ನೂ ಅಲ್ಯೂಮಿನಿಯಂ ಹೊಳೆಯುವವರೆಗೆ ಕೆರೆದು, ಬಿಗಿದರು. ಸೆಲ್ಫ್ ಒಂದೇ ಏಟಿಗೆ ಎತ್ತಿತು. ಹೊಸ ಕೇಬಲ್ಲು ಹಾಕಲು ಮೇಸ್ತ್ರಿಯ ಹತ್ತಿರವೇ ಹೋಗಬೇಕು, ಅದು ಅವರ ಕಸುಬಲ್ಲವಂತೆ.

ಈಚೆಗೆ ಎಲ್ಲರೂ ಕೊಡುವ ಸಲಹೆ, ಇದನ್ನು ಕೊಟ್ಟು ಗೇರಿಲ್ಲದ್ದು ತಗೊಳ್ಳಿ ಎಂದು. 2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆ ನಿಂತಿತು. ಮುಂದಿನ ತಿಂಗಳೇ ಅದೇ ಕಂಪನಿಯಿಂದ ಕ್ಲಚ್ ಪೆಡಲಿಲ್ಲದ ಸೆಲೆರಿಯೊ ಬಂತು. ಆ ವರ್ಷವೇ ಅಂಬಾಸಡರೂ ಹೋಯಿತು. ಎಡಗಾಲಿಗೆ ಒಂದೇ ವರ್ಷದಲ್ಲಿ ಇಷ್ಟೊಂದು ಹೊಡೆತ. ಆದರೆ ಪೆಡಲು ಹೋಯಿತೇ ಹೊರತು ಕ್ಲಚ್ಚು ಹೋಗಲಿಲ್ಲ. ಅಂಥ ಕಾರುಗಳಲ್ಲೂ ಅದೇ ತಟ್ಟೆ, ಅದೇ ಬೇರಿಂಗು. ಒತ್ತುವ ಕೆಲಸವನ್ನು ಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ ಅಷ್ಟೆ, ಮತ್ತು ಆ ಯಂತ್ರಕ್ಕೆ ಮೊಣಕಾಲಿಲ್ಲ. ಹೈಡ್ರಾಲಿಕ್ ಕ್ಲಚ್ಚಿನ ಗಾಡಿಗಳ ಪಾಡು ಇನ್ನೊಂದು: ಡಬ್ಬ ಇಳಿಸುವಾಗ ಪೈಪು ಬಿಚ್ಚಿ ಗಾಳಿ ಹೊಕ್ಕರೆ ಪೆಡಲು ಜೊಳ್ಳಾಗುತ್ತದೆ, ಕೆಲವದರಲ್ಲಿ ಸಿಲಿಂಡರು ಬೇರಿಂಗಿನ ಜೊತೆ ಒಳಗೇ ಕೂತಿರುವುದರಿಂದ ಅದು ಸೋರಿದರೆ ಡಬ್ಬ ಪುನಃ ಇಳಿಯಲೇಬೇಕು. ಕರೆಂಟಿನ ಕಾರಿಗೆ ಇದ್ಯಾವುದೂ ಬೇಡ, ಮೋಟಾರು ನಿಂತ ನಿಲುವಿನಿಂದಲೇ ಎಳೆಯುತ್ತದೆ. ಕೊಳ್ಳುವ ಕಾಲ ಬಂದಾಗ ನೋಡೋಣ. ಸದ್ಯಕ್ಕೆ ನಮ್ಮ ಮನೆಯಲ್ಲಿ ಯಾವ ಕಾರು ಎಂದು ತೀರ್ಮಾನಿಸುವ ಅಧಿಕಾರ ಆ ಎಡಮೊಣಕಾಲಿನ ಒಡತಿಗೆ ಹೋಗಿದೆ.

ಕೇಬಲ್ಲು ಹಾಕಿಸಲು ಹೋದಾಗ ಮೇಸ್ತ್ರಿಗೆ ಅರ್ತಿನ ಕಥೆಯನ್ನು ಪೂರ್ತಿ ಹೇಳಿದೆ. ಅವನು ಕೇಳಿ, ಪಟ್ಟಿಯನ್ನು ಬೆರಳಲ್ಲಿ ಎಳೆದು ನೋಡಿ, ಹೆಲ್ಪರ್ ಹುಡುಗನ ಕಡೆ ಒಂದು ದೃಷ್ಟಿ ಬೀರಿ, ಕೂಲಿ ತಗೊಳ್ಳಲಿಲ್ಲ. ದೊಡ್ಡ ಮನುಷ್ಯ. ಹೊರಡುವಾಗ ನಾನು ಎಡಚಕ್ರದ ಒಳಗೆ ತೋರಿಸಿದೆ; ಅಲ್ಲಿ ಗೇರ್ ಆಯಿಲ್ ಜಿನುಗಿ ರಿಮ್ಮಿನ ಮೇಲೆ ಕರೀ ಪಟ್ಟೆ ಎದ್ದಿತ್ತು.

ಅವನು ಬಗ್ಗಿ ನೋಡಿದ. "ಆಯಿಲ್ ಸೀಲು ಸಾರ್" ಎಂದ. "ಆಕ್ಸಲ್ ತೆಗ್ದು ಹಾಕಿದ್ವಲ್ಲ."